ಕೋರ್ಟು ಬರೆದದ್ದು, ಕಾದಂಬರಿ ಬರೆದದ್ದು: ಹಾಯಿ ಹಡಗಿನ ಕಥೆಗಳಲ್ಲಿ ಗಂಡಸರ ಪ್ರೀತಿ



ನಿಮ್ಮಲ್ಲಿ ಬಹಳ ಮಂದಿ ಶಾಲೆಯವರ ಜೊತೆಗೋ ಅಪ್ಪ ಅಮ್ಮನ ಜೊತೆಗೋ ಪೋರ್ಟ್ಸ್‌ಮತ್‌ಗೆ ಹೋಗಿ, ಅಲ್ಲಿ ನಿಲ್ಲಿಸಿರುವ ಎಚ್‌ಎಂಎಸ್ ವಿಕ್ಟರಿ ಹಡಗನ್ನು ನೋಡಿ ಬಂದಿರುತ್ತೀರಿ. 1805ರ ಅಕ್ಟೋಬರ್ 21ರಂದು ಟ್ರಫಾಲ್ಗರ್ ಕದನದಲ್ಲಿ ಅಡ್ಮಿರಲ್ ನೆಲ್ಸನ್ ಪ್ರಾಣ ಬಿಟ್ಟದ್ದು ಇದೇ ಹಡಗಿನಲ್ಲಿ. ಗುಂಡು ತಗುಲಿದವನನ್ನು ಕೆಳಗಿನ ಕತ್ತಲೆಯ ಅಂತಸ್ತಿಗೆ ಹೊತ್ತು ತಂದು ಮಲಗಿಸಿದ್ದರು. ಕೊನೆಯ ಗಳಿಗೆ ಹತ್ತಿರವಾದಾಗ ಅವನು ಹಡಗಿನ ಕ್ಯಾಪ್ಟನ್ ಥಾಮಸ್ ಹಾರ್ಡಿಯನ್ನು ತನಗೊಂದು ಮುತ್ತು ಕೊಡು ಎಂದು ಕೇಳಿದ. ಹಾರ್ಡಿ ಮಂಡಿಯೂರಿ ಅವನ ಕೆನ್ನೆಗೆ ಮುತ್ತಿಟ್ಟ. ಸ್ವಲ್ಪ ಹೊತ್ತು ಸುಮ್ಮನೆ ನಿಂತಿದ್ದು, ಮತ್ತೆ ಬಾಗಿ ಹಣೆಗೂ ಮುತ್ತಿಟ್ಟ. ಪಕ್ಕದಲ್ಲೇ ಇದ್ದ ಶಸ್ತ್ರವೈದ್ಯ ವಿಲಿಯಂ ಬೀಟಿ ಇದನ್ನು 1807ರಲ್ಲಿ ಪ್ರಕಟವಾದ ತನ್ನ ವೃತ್ತಾಂತದಲ್ಲಿ ಬರೆದಿದ್ದಾನೆ.

ಮುಂದಿನ ತಲೆಮಾರಿನವರಿಗೆ ಈ ಮುತ್ತು ಮುಜುಗರ ತಂದಿತು. ಇಷ್ಟು ದೊಡ್ಡ ವೀರ ಸಾಯುವಾಗ ಇನ್ನೊಬ್ಬ ಗಂಡಸಿನಿಂದ ಮುತ್ತು ಕೇಳುವುದೇ? ಅವನು ಹೇಳಿದ್ದು ‘ಕಿಸ್’ ಅಲ್ಲ, ‘ಕಿಸ್ಮೆಟ್’ ಎಂಬ ವಾದ ಹುಟ್ಟಿತು. ಹೌದು, ನಮ್ಮ ಹಿಂದಿ ಸಿನಿಮಾಗಳ ಕಿಸ್ಮತ್ತೇ, ಹಣೆಬರಹ. ಆದರೆ ಆ ಪದ ಇಂಗ್ಲಿಷ್ ಬರಹದಲ್ಲಿ ಕಾಣಿಸಿಕೊಳ್ಳುವುದೇ ಟ್ರಫಾಲ್ಗರ್ ಆಗಿ ಎಷ್ಟೋ ವರ್ಷಗಳ ಮೇಲೆ. ಸಾಲದ್ದಕ್ಕೆ, ಕೇಳಿದವರು ಕಣ್ಣೆದುರೇ ಇದ್ದರು, ಕೊಟ್ಟವನು ಎರಡು ಸಲ ಕೊಟ್ಟಿದ್ದ!

ಹಾಗಂತ ನೆಲ್ಸನ್ ಮತ್ತು ಹಾರ್ಡಿ ಪ್ರೇಮಿಗಳಾಗಿದ್ದರು ಎಂದು ನಾನು ಹೇಳುತ್ತಿಲ್ಲ. ಎಮ್ಮಾ ಹ್ಯಾಮಿಲ್ಟನ್ ಮೇಲೆ ನೆಲ್ಸನ್‌ಗಿದ್ದ ಮೋಹ ಇಡೀ ಇಂಗ್ಲೆಂಡಿಗೇ ಗೊತ್ತಿತ್ತು. ಆ ಕಾಲದ ಗಂಡಸರು ಒಬ್ಬರಿಗೊಬ್ಬರು ಮಮತೆಯನ್ನು ನಮಗಿಂತ ಸಲೀಸಾಗಿ ತೋರಿಸಿಕೊಳ್ಳುತ್ತಿದ್ದರು, ಅಷ್ಟೇ. ಈ ಮುತ್ತಿನ ಕಥೆ ಎರಡು ಎಚ್ಚರಿಕೆ ಕೊಡುತ್ತದೆ. ಇದ್ದದ್ದನ್ನು ಇಲ್ಲ ಎಂದು ಮುಚ್ಚಬಾರದು. ಇಲ್ಲದ್ದನ್ನು ಇತ್ತು ಎಂದು ಅಂಟಿಸಲೂಬಾರದು. ಇವತ್ತಿನ ವಿಷಯಕ್ಕೆ ಈ ಎರಡೂ ಬೇಕು.

ವಿಷಯ ಇದು. ಹಳೆಯ ಕಾಲದ ಹಾಯಿ ಹಡಗುಗಳ ಹಿನ್ನೆಲೆಯಲ್ಲಿ, ಇಬ್ಬರು ನಾವಿಕರ ನಡುವಿನ ಪ್ರೇಮವನ್ನು ಹೇಳುವ ಕಾದಂಬರಿಗಳು ಇವತ್ತು ಇಂಗ್ಲಿಷಿನಲ್ಲಿ ಒಂದು ಪ್ರಕಾರವೇ ಆಗಿವೆ. ನಿಮ್ಮಲ್ಲಿ ಕೆಲವರು ಓದಿದ್ದೀರಿ. ಓದದವರು ‘ಅವರ್ ಫ್ಲಾಗ್ ಮೀನ್ಸ್ ಡೆತ್’ ಸರಣಿಯನ್ನಾದರೂ ನೋಡಿದ್ದೀರಿ. ಮನೆಯಲ್ಲಿ ಯಾರೂ ಇದರ ಬಗ್ಗೆ ಮಾತಾಡುವುದಿಲ್ಲ. ನಾವು ದೊಡ್ಡವರು ಕೇಳುವುದೂ ಇಲ್ಲ, ನೀವು ಹೇಳುವುದೂ ಇಲ್ಲ. ಆ ಕಥೆಗಳ ಹಿಂದೆ ನಿಜವಾದ ಇತಿಹಾಸ ಎಷ್ಟಿದೆ, ಅದು ನಮಗೆ ಯಾಕೆ ಸಂಬಂಧಪಟ್ಟದ್ದು, ಇವತ್ತು ನೋಡೋಣ.

ಮೊದಲು ಹಡಗು ಹೇಗಿತ್ತು ಎಂದು ಕಣ್ಣ ಮುಂದೆ ತಂದುಕೊಳ್ಳಿ. ಟ್ರಫಾಲ್ಗರ್ ದಿನ ವಿಕ್ಟರಿಯಲ್ಲಿ ಸುಮಾರು 820 ಜನ ಇದ್ದರು. ನಾವಿಕರು ಫಿರಂಗಿಗಳ ನಡುವೆ ಜೋಲಿ ಕಟ್ಟಿ ಮಲಗುತ್ತಿದ್ದರು. ನಿಯಮದ ಪ್ರಕಾರ ಒಂದು ಜೋಲಿಗೆ 14 ಅಂಗುಲ ಅಗಲದ ಜಾಗ. ಅರ್ಧ ಮಂದಿ ಪಾಳಿಯ ಮೇಲೆ ಕೆಲಸದಲ್ಲಿರುತ್ತಿದ್ದರಿಂದ 28 ಅಂಗುಲ ಸಿಕ್ಕುತ್ತಿತ್ತು. ನಿಮ್ಮ ಮನೆಯ ಒಂಟಿ ಮಂಚ ಅದಕ್ಕಿಂತ ಅಗಲವಾಗಿದೆ. ಒಬ್ಬನ ಉಸಿರು ಇನ್ನೊಬ್ಬನಿಗೆ ಕೇಳಿಸುವಷ್ಟು ಹತ್ತಿರ. ಗುಟ್ಟು ಎಂಬುದಕ್ಕೆ ಜಾಗವೇ ಇಲ್ಲ. ತಿಂಗಳುಗಟ್ಟಲೆ ನೆಲ ಕಾಣುವುದಿಲ್ಲ. ಬಿರುಗಾಳಿಯಲ್ಲಿ ಎತ್ತರದ ಕೂವೆಮರ ಹತ್ತಿದಾಗ ಜೀವ ಉಳಿಯುವುದು ಪಕ್ಕದವನ ಕೈಹಿಡಿತದ ಮೇಲೆ. ಮೇಲಿನವನು ಹೇಳಿದ್ದನ್ನು ಕೆಳಗಿನವನು ಮರುಮಾತಾಡದೆ ಮಾಡಬೇಕು.

ಕಥೆ ಬರೆಯುವವರಿಗೆ ಇದಕ್ಕಿಂತ ಒಳ್ಳೆಯ ರಂಗ ಬೇಕೇ? ನಾನು ಕನ್ನಡ ಎಂ.ಎ. ಓದುವಾಗ ಶೃಂಗಾರ ರಸದಲ್ಲಿ ಎರಡು ಬಗೆ ಎಂದು ಕಲಿತಿದ್ದೆ. ಕೂಡಿದ ಪ್ರೇಮಿಗಳದ್ದು ಸಂಭೋಗ ಶೃಂಗಾರ, ಅಗಲಿದವರದ್ದು ವಿಪ್ರಲಂಭ ಶೃಂಗಾರ. ವಿಪ್ರಲಂಭಕ್ಕೆ ಸಾಮಾನ್ಯವಾಗಿ ನಡುವೆ ಒಂದು ಕಾಡು, ಒಂದು ಕಡಲು, ಒಂದು ಶಾಪ ಬೇಕು. ಹಡಗಿನ ಕಥೆಯ ವಿಶೇಷ ಏನೆಂದರೆ, ಇಬ್ಬರೂ ಒಂದೇ ಹಲಗೆಯ ಮೇಲೆ, ಮೊಳ ದೂರದಲ್ಲಿ ಇದ್ದಾರೆ. ಆದರೂ ಅಗಲಿಯೇ ಇದ್ದಾರೆ. ನಡುವೆ ಇರುವುದು ಒಂದು ಕಾನೂನು.

ಆ ಕಾನೂನು ಕಾದಂಬರಿಕಾರರ ಕಲ್ಪನೆಯಲ್ಲ. ಗಂಡಸರಿಬ್ಬರ ದೇಹಸಂಬಂಧಕ್ಕೆ ಇಂಗ್ಲೆಂಡಿನಲ್ಲಿ ಮರಣದಂಡನೆ ಬಂದದ್ದು 1533ರಲ್ಲಿ, ಎಂಟನೆಯ ಹೆನ್ರಿಯ ಕಾಲದಲ್ಲಿ. 1661ರಲ್ಲಿ ನೌಕಾಪಡೆಗೆ ‘ಆರ್ಟಿಕಲ್ಸ್ ಆಫ್ ವಾರ್’ ಎಂಬ ಶಿಸ್ತಿನ ಕಟ್ಟಳೆಗಳು ಬಂದಾಗ ಅಲ್ಲಿಯೂ ಅದು ಸೇರಿತು. 1749ರಲ್ಲಿ ಆ ಕಟ್ಟಳೆಗಳನ್ನು ಹೊಸದಾಗಿ ಬರೆದರು. ಅದರ 29ನೆಯ ಕಲಮು ಈ ಸಂಬಂಧವನ್ನು ಅಸಹಜ, ಹೇಯ ಎಂದು ಕರೆದು ಸಾವಿನ ಶಿಕ್ಷೆ ಹೇಳಿತು. ಈ ಕಟ್ಟಳೆಗಳನ್ನು ಎಲ್ಲರಿಗೂ ಕಾಣುವ ಜಾಗದಲ್ಲಿ ತೂಗುಹಾಕಿ, ತಿಂಗಳಿಗೊಮ್ಮೆ ನಾವಿಕರನ್ನೆಲ್ಲ ಸೇರಿಸಿ ಗಟ್ಟಿಯಾಗಿ ಓದಬೇಕಿತ್ತು. ಅಕ್ಷರ ಬಾರದವನಿಗೂ ಅದು ಕೇಳಿ ಕೇಳಿ ಬಾಯಿಪಾಠ. ಒಬ್ಬ ಹದಿನೆಂಟರ ಹುಡುಗ ತನ್ನ ಮನಸ್ಸಿನಲ್ಲಿರುವುದಕ್ಕೆ ಹೆಸರು ಹುಡುಕುತ್ತಿರುವಾಗ, ಅವನಿಗೆ ಸಿಕ್ಕ ಮೊದಲ ಹೆಸರು ಆ ಓದಿನಿಂದ ಸಿಕ್ಕಿದ್ದು. ಹೆಸರಿನ ಬೆನ್ನಿಗೇ ನೇಣು.

ಕಾನೂನು ಬರೀ ಹೆದರಿಸಲಿಕ್ಕೆ ಇದ್ದದ್ದಲ್ಲ. 1797ರಲ್ಲಿ ರ‍್ಯಾಟ್ಲರ್ ಹಡಗಿನ ಕ್ಯಾಪ್ಟನ್ ಹೆನ್ರಿ ಅಲೆನ್‌ನನ್ನೇ ಗಲ್ಲಿಗೇರಿಸಿದರು. ಕ್ಯಾಪ್ಟನ್ ಎಂಬ ದೊಡ್ಡ ಹುದ್ದೆಯೂ ಅವನನ್ನು ಕಾಪಾಡಲಿಲ್ಲ. ಎಲ್ಲಕ್ಕಿಂತ ಕರಾಳವಾದದ್ದು ಆಫ್ರಿಕೇನ್ ಹಡಗಿನ ಪ್ರಕರಣ. ನೆಪೋಲಿಯನ್ ಯುದ್ಧಗಳು ಮುಗಿದ ಹೊಸತರಲ್ಲಿ ಆ ಹಡಗಿನ ಹಲವರ ಮೇಲೆ ವಿಚಾರಣೆ ನಡೆಯಿತು. ತಮ್ಮ ತಲೆ ಉಳಿಸಿಕೊಳ್ಳಲು ಕೆಲವರು ಜೊತೆಯವರ ಹೆಸರು ಹೇಳಿದರು. 1816ರ ಫೆಬ್ರವರಿ 1ರಂದು ಪೋರ್ಟ್ಸ್‌ಮತ್‌ನಲ್ಲಿ ನಾಲ್ವರು ನಾವಿಕರನ್ನು ನೇಣಿಗೆ ಹಾಕಿದರು. ಇನ್ನು ಕೆಲವರಿಗೆ ಚಾಟಿ ಏಟು. ನಾವು ಐಸ್‌ಕ್ರೀಮ್ ತಿನ್ನುತ್ತ ಹಡಗು ನೋಡಿ ಬರುವ ಊರು ಅದೇ.

ಈ ವಿಚಾರಣೆಗಳ ಕಾಗದಗಳು ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಅಂಥ ಕಾಗದಗಳಲ್ಲಿ ಏನಿರುತ್ತದೆ, ಏನಿರುವುದಿಲ್ಲ ಎಂಬುದು ನನ್ನ ಮಾತಿನ ಮುಖ್ಯ ಭಾಗ. ಮರಣದಂಡನೆ ಕೊಡಬೇಕಾದರೆ ದೇಹಸಂಬಂಧ ಪೂರ್ತಿಯಾಗಿ ನಡೆಯಿತು ಎಂಬುದಕ್ಕೆ ಪುರಾವೆ ಬೇಕಿತ್ತು. ಪುರಾವೆ ಸಾಲದಿದ್ದರೆ ‘ಅಸಭ್ಯ ವರ್ತನೆ’ ಎಂದು ಕಡಿಮೆ ಶಿಕ್ಷೆ. ಹಾಗಾಗಿ ಕೋರ್ಟು ಕೇಳಿದ ಪ್ರಶ್ನೆಗಳೆಲ್ಲ ಒಂದೇ ಜಾತಿಯವು. ಎಲ್ಲಿ ನಿಂತಿದ್ದಿರಿ? ಬೆಳಕಿತ್ತೇ? ಬಟ್ಟೆ ಹೇಗಿತ್ತು? ಕೈ ಎಲ್ಲಿತ್ತು? ನಿನಗೆ ಅವನೆಂದರೆ ಇಷ್ಟವೇ ಎಂದು ಯಾವ ನ್ಯಾಯಾಧೀಶನೂ ಕೇಳಬೇಕಾಗಿರಲಿಲ್ಲ. ಆರೋಪಿಯೂ ಹೇಳುವಂತಿರಲಿಲ್ಲ. ಪ್ರೀತಿಸಿದ್ದೆ ಎನ್ನುವುದು ತಾನೇ ಕುಣಿಕೆಗೆ ಕತ್ತು ಕೊಟ್ಟಂತೆ. ಪತ್ರ ಬರೆದವನು ಸುಟ್ಟುಹಾಕಿದ. ಅಕ್ಷರ ಬಾರದವನು ಬರೆಯಲೇ ಇಲ್ಲ. ಉಳಿದದ್ದು ಕೋರ್ಟಿನ ಕಾಗದ ಮಾತ್ರ. ಗಂಡಸನ್ನು ಪ್ರೀತಿಸಿದ ನಾವಿಕನ ಬಗ್ಗೆ ನಮಗೆ ತಿಳಿದಿರುವುದರಲ್ಲಿ ಬಹುಪಾಲು ಅವನನ್ನು ಕೊಂದವರು ಬರೆದಿಟ್ಟದ್ದು.

ಇಲ್ಲಿ ಇನ್ನೊಂದು ಮಾತನ್ನು ಹೇಳಲೇಬೇಕು. ಆ ಕಾಗದಗಳಲ್ಲಿರುವುದೆಲ್ಲ ಪ್ರೀತಿ ಅಲ್ಲ. 1807ರಲ್ಲಿ ಪ್ಲಿಮತ್‌ನಲ್ಲಿ ಹ್ಯಾಜರ್ಡ್ ಹಡಗಿನ ಲೆಫ್ಟಿನೆಂಟ್ ವಿಲಿಯಂ ಬೆರಿಯನ್ನು ಗಲ್ಲಿಗೇರಿಸಿದರು. ಗಂಡುವೇಷದಲ್ಲಿ ಹಡಗು ಸೇರಿದ್ದ ಎಲಿಜಬೆತ್ ಬೌಡನ್ ಎಂಬ ಹುಡುಗಿ ಅವನ ವಿರುದ್ಧ ಸಾಕ್ಷಿ ಹೇಳಿದಳು. ಇದನ್ನೇ ಒಂದು ಸ್ವಾರಸ್ಯದ ಕಥೆಯಂತೆ ಹೇಳುವವರಿದ್ದಾರೆ. ಆದರೆ ಬೆರಿ ಅಧಿಕಾರಿ, ಎದುರಿಗಿದ್ದವನು ಅವನ ಕೈಕೆಳಗಿನ ಒಬ್ಬ ಬಾಲಕ. ಅದು ಪ್ರೇಮಕಥೆಯಲ್ಲ, ದೌರ್ಜನ್ಯ. ಇವತ್ತಿನ ಕಾನೂನೂ ಅದನ್ನು ಶಿಕ್ಷಿಸುತ್ತದೆ, ಶಿಕ್ಷಿಸಬೇಕು. 29ನೆಯ ಕಲಮಿನ ದೊಡ್ಡ ಅನ್ಯಾಯ ಏನೆಂದರೆ, ಇಬ್ಬರು ವಯಸ್ಕರು ಮನಸಾರೆ ಒಪ್ಪಿ ಕೂಡಿದ್ದನ್ನೂ, ಬಲವಿದ್ದವನು ಮಗುವನ್ನು ಹಿಂಸಿಸಿದ್ದನ್ನೂ ಅದು ಒಂದೇ ಹೆಸರಿನಿಂದ ಕರೆದು ಒಂದೇ ಹಗ್ಗಕ್ಕೆ ಕಟ್ಟಿತು. ಆ ಗೊಂದಲ ಇವತ್ತಿಗೂ ನಮ್ಮ ಹಿರಿಯರ ಮಾತಿನಲ್ಲಿ ಕೇಳಿಸುತ್ತದೆ. ಕಾದಂಬರಿ ಓದುವಾಗಲೂ ನೀವು ಇದನ್ನು ಕೇಳಿಕೊಳ್ಳಬೇಕು: ಇಲ್ಲಿ ಇಬ್ಬರೂ ದೊಡ್ಡವರೇ? ಬೇಡ ಎನ್ನಲು ಇಬ್ಬರಿಗೂ ದಾರಿ ಇದೆಯೇ? ಕ್ಯಾಪ್ಟನ್ ಮಾತಿಗೆ ಎದುರು ಹೇಳಲಾಗದ ಜಾಗದಲ್ಲಿ ಇದು ಸಣ್ಣ ಪ್ರಶ್ನೆಯಲ್ಲ. ಒಳ್ಳೆಯ ಕಾದಂಬರಿಗಳು ಇದನ್ನು ತಪ್ಪಿಸಿಕೊಂಡು ಹೋಗುವುದಿಲ್ಲ.

ಸರಿ, ಕೋರ್ಟು ಬಿಟ್ಟ ಜಾಗವನ್ನು ಕಥೆಗಾರರು ಹೇಗೆ ತುಂಬಿದರು?

ಮೊದಲು ತುಂಬಿದ್ದು ನಗೆಯಿಂದ. ಟೋಬಿಯಾಸ್ ಸ್ಮೊಲೆಟ್ ಸ್ವತಃ ನೌಕಾಪಡೆಯಲ್ಲಿ ವೈದ್ಯರ ಸಹಾಯಕರಾಗಿ ದುಡಿದವರು. 1748ರಲ್ಲಿ ಬಂದ ಅವರ ‘ರೊಡೆರಿಕ್ ರ‍್ಯಾಂಡಮ್’ ಕಾದಂಬರಿಯಲ್ಲಿ ವಿಫಲ್ ಎಂಬ ಕ್ಯಾಪ್ಟನ್ ಬರುತ್ತಾನೆ. ರೇಷ್ಮೆ, ಗುಲಾಬಿ ಬಣ್ಣ, ಸುಗಂಧ, ನಾಜೂಕು ನಡೆ. ಜೊತೆಗೆ ಅವನಿಗೆ ಆಪ್ತನಾದ ಸಿಂಪರ್ ಎಂಬ ವೈದ್ಯ. ಅವರಿಬ್ಬರ ನಂಟಿನ ಬಗ್ಗೆ ಹಡಗಿನಲ್ಲಿ ಗುಸುಗುಸು. ಓದುಗ ನಗಬೇಕು, ಅಷ್ಟೇ. ನಮ್ಮ ಸಿನಿಮಾಗಳಲ್ಲಿ ಹೆಣ್ಣಿಗನಂತೆ ಕುಲುಕಿ ನಡೆಯುವ ಹಾಸ್ಯಪಾತ್ರವನ್ನು ನೀವು ಕಂಡಿದ್ದೀರಲ್ಲ, ಅದರ ಹಳೆಯ ಬಂಧು ಈ ವಿಫಲ್.

ಆಮೇಲೆ ಮೌನ. ನೆಪೋಲಿಯನ್ ಯುದ್ಧಗಳಲ್ಲಿ ಸ್ವತಃ ಹೋರಾಡಿದ ಫ್ರೆಡರಿಕ್ ಮ್ಯಾರಿಯಟ್ 1830ರ ದಶಕದಲ್ಲಿ ಸಮುದ್ರ ಸಾಹಸದ ಕಾದಂಬರಿಗಳನ್ನು ಬರೆದು ಹೆಸರಾದರು. ಅವುಗಳಲ್ಲಿ ಬಿರುಗಾಳಿ ಇದೆ, ಫಿರಂಗಿ ಇದೆ, ಹುಡುಗರ ತುಂಟತನ ಇದೆ. 29ನೆಯ ಕಲಮಿನ ಕಥೆ ಇಲ್ಲ. ಮನೆಮಂದಿ ಓದುವ ಪುಸ್ತಕದಲ್ಲಿ ಅದು ಬರುವಂತಿರಲಿಲ್ಲ.

ಮೌನವನ್ನು ಮುರಿಯದೆಯೇ ಮಾತಾಡಿಸಿದವರು ಅಮೆರಿಕದ ಹರ್ಮನ್ ಮೆಲ್ವಿಲ್. ಅವರೂ ಯುದ್ಧದ ಹಡಗಿನಲ್ಲಿ ನಾವಿಕರಾಗಿ ದುಡಿದಿದ್ದರು. 1851ರ ‘ಮೊಬಿ ಡಿಕ್’ನಲ್ಲಿ ಇಶ್ಮೇಲ್ ಮತ್ತು ದ್ವೀಪವಾಸಿ ಕ್ವೀಕ್ವೆಗ್ ಒಂದೇ ಹಾಸಿಗೆಯಲ್ಲಿ ಮಲಗಿ ಮದುವೆಯಾದ ಜೋಡಿಯಂತೆ ಹರಟುತ್ತಾರೆ. ಅವರು ಕೊನೆಗಾಲದಲ್ಲಿ ಬರೆದ ‘ಬಿಲ್ಲಿ ಬಡ್’ ಇನ್ನೂ ಆಳವಾದದ್ದು. ಕಾಲ 1797. ಬಿಲ್ಲಿ ಎಲ್ಲರೂ ಇಷ್ಟಪಡುವ ಸುಂದರ ನಾವಿಕ. ಹಡಗಿನ ಶಿಸ್ತು ನೋಡಿಕೊಳ್ಳುವ ಕ್ಲ್ಯಾಗಾರ್ಟ್‌ಗೆ ಅವನನ್ನು ಕಂಡರೆ ಹೇಳಿಕೊಳ್ಳಲಾಗದ ಸೆಳೆತ, ಅದೇ ಅಸೂಯೆಯಾಗಿ ಕೊಳೆಯುತ್ತದೆ. ಬಿಲ್ಲಿ ದಂಗೆಗೆ ಸಂಚು ಮಾಡುತ್ತಿದ್ದಾನೆ ಎಂದು ಸುಳ್ಳು ದೂರು ಕೊಡುತ್ತಾನೆ. ಉದ್ವೇಗದಲ್ಲಿ ಮಾತು ತೊದಲುವ ಬಿಲ್ಲಿ, ಬಾಯಿ ಬಾರದೆ ಕೈ ಎತ್ತುತ್ತಾನೆ. ಒಂದೇ ಏಟಿಗೆ ಕ್ಲ್ಯಾಗಾರ್ಟ್ ಸಾಯುತ್ತಾನೆ. ಕ್ಯಾಪ್ಟನ್ ವೀರ್‌ಗೆ ಧರ್ಮಸಂಕಟ. ಹುಡುಗ ನಿರ್ದೋಷಿ ಎಂದು ಮನಸ್ಸಿಗೆ ಗೊತ್ತು. ಆದರೂ ಕಾನೂನಿನಂತೆ ನೇಣಿಗೆ ಕಳಿಸುತ್ತಾನೆ. ಪ್ರೀತಿ ಎಂಬ ಮಾತನ್ನು ಯಾರೂ ಆಡುವುದಿಲ್ಲ. ಆಡಲಾಗದ ಆ ಮಾತೇ ಮೂವರನ್ನೂ ಹಾಳು ಮಾಡುತ್ತದೆ ಎಂದು ನನಗೆ ಅನಿಸುತ್ತದೆ.

ಮೆಲ್ವಿಲ್ ಇದನ್ನು ಪೂರ್ತಿ ತಿದ್ದಿ ಮುಗಿಸದೆ 1891ರಲ್ಲಿ ತೀರಿಕೊಂಡರು. ಹಸ್ತಪ್ರತಿ ಅಚ್ಚಾದದ್ದು 1924ರಲ್ಲಿ. ಅದೇ ವರ್ಷ ‘ಎ ಪ್ಯಾಸೇಜ್ ಟು ಇಂಡಿಯಾ’ ಬರೆದು ಪ್ರಕಟಿಸಿದವರು ಇ. ಎಂ. ಫಾರ್ಸ್ಟರ್, ನಮ್ಮ ದೇವಾಸ್ ಸಂಸ್ಥಾನದ ಮಹಾರಾಜರ ಬಳಿ ಕಾರ್ಯದರ್ಶಿಯಾಗಿದ್ದವರು. ಮುಂದೆ ಇದೇ ಫಾರ್ಸ್ಟರ್, ಎರಿಕ್ ಕ್ರೋಜಿಯರ್ ಜೊತೆ ಸೇರಿ ‘ಬಿಲ್ಲಿ ಬಡ್’ ಕಥೆಯನ್ನು ಒಪೆರಾಗೆ ಅಳವಡಿಸಿದರು. ಸಂಗೀತ ಬೆಂಜಮಿನ್ ಬ್ರಿಟನ್ ಅವರದ್ದು. ಕ್ಯಾಪ್ಟನ್ ವೀರ್ ಪಾತ್ರ ಹಾಡಿದವರು ಬ್ರಿಟನ್ ಅವರ ಬಾಳಸಂಗಾತಿ ಪೀಟರ್ ಪಿಯರ್ಸ್. 1951ರ ಡಿಸೆಂಬರ್ 1ರಂದು ಲಂಡನ್ನಿನ ಕೊವೆಂಟ್ ಗಾರ್ಡನ್‌ನಲ್ಲಿ ಮೊದಲ ಪ್ರದರ್ಶನ. ಇಡೀ ಒಪೆರಾದಲ್ಲಿ ಒಂದೂ ಹೆಣ್ಣು ದನಿ ಇಲ್ಲ. ಗಂಡಸನ್ನು ಪ್ರೀತಿಸಿದ ಗಂಡಸರು ಕೂಡಿ ಅಂಥದೇ ಕಥೆಯನ್ನು ದೇಶದ ಮುಖ್ಯ ರಂಗಮಂದಿರದಲ್ಲಿ ಹಾಡಿದರು. ಆಗಲೂ ಆ ಪ್ರೀತಿ ಇಂಗ್ಲೆಂಡಿನಲ್ಲಿ ಅಪರಾಧವೇ. ಮರುವರ್ಷ ಅದೇ ಅಪರಾಧಕ್ಕೆ ಅಲನ್ ಟ್ಯೂರಿಂಗ್ ಶಿಕ್ಷೆಗೊಳಗಾದರು. ಇವತ್ತು 50 ಪೌಂಡಿನ ನೋಟಿನ ಮೇಲೆ ನೀವು ನೋಡುವ ಟ್ಯೂರಿಂಗ್ ಅವರೇ.

ಫಾರ್ಸ್ಟರ್ ಅವರ ಇನ್ನೊಂದು ಪುಸ್ತಕ ನಮ್ಮ ವಿಷಯಕ್ಕೆ ಬೇಕು. ‘ಮಾರಿಸ್’ ಸಮುದ್ರದ ಕಥೆಯಲ್ಲ, ಆದರೆ ಇಬ್ಬರು ಗಂಡಸರ ಪ್ರೇಮಕಥೆ. 1913–14ರಲ್ಲಿ ಬರೆದು ಪೆಟ್ಟಿಗೆಯಲ್ಲಿಟ್ಟರು. ಅವರು ತೀರಿಹೋದ ಮೇಲೆ 1971ರಲ್ಲಿ ಅಚ್ಚಾಯಿತು. ಅದಕ್ಕೆ ಸುಖಾಂತ್ಯ ಇರಲೇಬೇಕು ಎಂದು ಅವರು ಹಠ ಹಿಡಿದಿದ್ದರು. ಇಬ್ಬರಲ್ಲಿ ಒಬ್ಬ ನೇಣಿಗೋ ನದಿಗೋ ಬೀಳುವಂತೆ ಬರೆದಿದ್ದರೆ ಅಚ್ಚು ಹಾಕಿಸುವುದು ಸುಲಭವಾಗುತ್ತಿತ್ತು. ಇಬ್ಬರೂ ಬದುಕಿ ಸುಖವಾಗಿದ್ದರು ಎಂಬುದೇ ಸಮಾಜಕ್ಕೆ ಸಹಿಸಲಾಗದ ಮಾತು.

ಆ ಸುಖಾಂತ್ಯವನ್ನು ಒಬ್ಬ ಹಡಗಿನ ಅಧಿಕಾರಿಗೆ ತಂದುಕೊಟ್ಟವರಲ್ಲಿ ಮೊದಲಿಗರು ಮೇರಿ ರೆನಾಲ್ಟ್. 1953ರ ‘ದಿ ಚಾರಿಯೊಟಿಯರ್’ ಎರಡನೆಯ ಮಹಾಯುದ್ಧದ ಕಥೆ. ಡನ್‌ಕರ್ಕ್‌ನಲ್ಲಿ ಗಾಯಗೊಂಡ ಸೈನಿಕ ಲಾರಿ, ಅವನನ್ನು ಹಡಗಿಗೆ ಹತ್ತಿಸಿ ಉಳಿಸಿದ ನೌಕಾಧಿಕಾರಿ ರಾಲ್ಫ್. ರೆನಾಲ್ಟ್ ಸ್ವತಃ ಯುದ್ಧಕಾಲದ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು, ತಮ್ಮ ಸಂಗಾತಿ ಹೆಂಗಸಿನ ಜೊತೆ ದಕ್ಷಿಣ ಆಫ್ರಿಕಾಕ್ಕೆ ಹೋಗಿ ನೆಲೆಸಿದವರು. ಪುಸ್ತಕ ಅಮೆರಿಕದಲ್ಲಿ ಪ್ರಕಟವಾಗಲು 1959ರವರೆಗೆ ಕಾಯಬೇಕಾಯಿತು.

ನಂತರ ಪ್ಯಾಟ್ರಿಕ್ ಓಬ್ರಿಯನ್. 1969ರ ‘ಮಾಸ್ಟರ್ ಅಂಡ್ ಕಮಾಂಡರ್’ನಿಂದ 1999ರವರೆಗೆ 20 ಕಾದಂಬರಿ. ಕ್ಯಾಪ್ಟನ್ ಜ್ಯಾಕ್ ಆಬ್ರಿ ಪಿಟೀಲು, ವೈದ್ಯ ಸ್ಟೀಫನ್ ಮ್ಯಾಟುರಿನ್ ಚೆಲ್ಲೊ. ಅವರದ್ದು ಪ್ರೇಮವಲ್ಲ, ಗಾಢವಾದ ಗೆಳೆತನ. ಆದರೆ 29ನೆಯ ಕಲಮು ಓಬ್ರಿಯನ್ ಲೋಕದಲ್ಲಿ ಮರೆಯಾಗಿಲ್ಲ. ‘ದಿ ಕಮೊಡೋರ್’ನಲ್ಲಿ ಡಫ್ ಎಂಬ ಧೈರ್ಯವಂತ ಕ್ಯಾಪ್ಟನ್‌ಗೆ ತನ್ನ ಕೈಕೆಳಗಿನ ನಾವಿಕರ ಮೇಲೆ ಒಲವು. ಜ್ಯಾಕ್‌ಗೆ ಅವನ ಒಲವು ಯಾರ ಮೇಲೆ ಎಂಬುದು ದೊಡ್ಡದಲ್ಲ, ಮುದ್ದಿನವರಿಗೆ ಪಕ್ಷಪಾತ ಮಾಡಿದರೆ ಹಡಗಿನ ಶಿಸ್ತು ಮುರಿಯುತ್ತದಲ್ಲ ಎಂಬುದು ಚಿಂತೆ. ನಾನು ಆಗಲೇ ಹೇಳಿದ ಅಧಿಕಾರದ ಪ್ರಶ್ನೆ ಇಲ್ಲಿ ಎಷ್ಟು ಚೆನ್ನಾಗಿ ಬಂದಿದೆ ನೋಡಿ.

ಈ ಎಲ್ಲ ಹೊಳೆಗಳು ಸೇರಿ 2000ದ ನಂತರ ನೀವು ಓದುವ ನೌಕಾ ಪ್ರೇಮಕಾದಂಬರಿ ಹುಟ್ಟಿತು. 2006ರಲ್ಲಿ ಲೀ ರೋವನ್ ಅವರ ‘ರಾನ್ಸಮ್’ ಬಂತು. 2009ರಲ್ಲಿ ಅಲೆಕ್ಸ್ ಬೀಕ್ರಾಫ್ಟ್ ಅವರ ‘ಫಾಲ್ಸ್ ಕಲರ್ಸ್’ ಬಂತು, ಅದರ ಕಾಲ 1762. ಇಂಥವನ್ನು ಬರೆಯುವವರಲ್ಲಿ, ಓದುವವರಲ್ಲಿ ಹೆಂಗಸರೂ ಬಹಳ. ಈ ಪ್ರಕಾರಕ್ಕೆ ಒಂದು ನಿಯಮ: ಕೊನೆಗೆ ಪ್ರೇಮಿಗಳು ಕೂಡಲೇಬೇಕು. ಇತಿಹಾಸದ ನಿಯಮ: ಸಿಕ್ಕಿಬಿದ್ದರೆ ನೇಣು. ಇವೆರಡನ್ನೂ ಒಟ್ಟಿಗೆ ಪಾಲಿಸುವುದು ಹೇಗೆ? ಅಗ್ಗದ ಕಾದಂಬರಿ ಕಾನೂನನ್ನೇ ಮರೆತುಬಿಡುತ್ತದೆ, ಹಡಗಿನಲ್ಲಿ ಎಲ್ಲರೂ ಕಣ್ಣು ಮುಚ್ಚಿಕೊಂಡಿರುತ್ತಾರೆ. ಒಳ್ಳೆಯದು ಆ ಹೆದರಿಕೆಯನ್ನು ಪ್ರತಿ ಪುಟದಲ್ಲೂ ಇಟ್ಟುಕೊಂಡು ದಾರಿ ಹುಡುಕುತ್ತದೆ. ಕೆಲಸ ಬಿಟ್ಟು ದಡಕ್ಕೆ ಬರುವುದು, ಹಳೆಯ ಜೊತೆಗಾರರು ಎಂಬ ಹೆಸರಿನಲ್ಲಿ ಒಂದು ಮನೆ ಮಾಡುವುದು, ಯಾರೂ ಗುರುತಿಸದ ದೂರದ ಊರು ಸೇರುವುದು. ‘ಅವರ್ ಫ್ಲಾಗ್ ಮೀನ್ಸ್ ಡೆತ್’ ಕೂಡ ಎರಡನೆಯ ಸೀಸನ್ನಿನ ಕೊನೆಗೆ ಇಬ್ಬರು ಕಡಲ್ಗಳ್ಳರನ್ನು ದಡದ ಮೇಲಿನ ಒಂದು ಮುರುಕು ಮನೆಯಲ್ಲೇ ಬಿಡುತ್ತದೆ. ನಿಜವಾದ ಸ್ಟೀಡ್ ಬಾನೆಟ್‌ನನ್ನು 1718ರ ಡಿಸೆಂಬರ್‌ನಲ್ಲಿ ಗಲ್ಲಿಗೇರಿಸಿದರು. ಅದರ ಹಿಂದಿನ ತಿಂಗಳಲ್ಲೇ ನಿಜವಾದ ಬ್ಲ್ಯಾಕ್‌ಬಿಯರ್ಡ್ ಕಾಳಗದಲ್ಲಿ ಸತ್ತಿದ್ದ. ಅವರಿಬ್ಬರ ಪ್ರೇಮ ಪೂರ್ತಿ ಕಲ್ಪನೆ. ನೋಡಿ ಖುಷಿಪಡಿ, ಪರೀಕ್ಷೆಯಲ್ಲಿ ಮಾತ್ರ ಬರೆಯಬೇಡಿ!

ಇನ್ನು ಇದು ನಮಗೆ ಯಾಕೆ ಸಂಬಂಧಪಟ್ಟದ್ದು? ಕಾದಂಬರಿಗಳಲ್ಲಿ ಸುಂದರವಾಗಿ ಕಾಣುವ ಆ ಹಡಗುಗಳು ನಮ್ಮ ಕಡಲಿಗೂ ಬಂದಿದ್ದವು. 1780ರ ಡಿಸೆಂಬರ್‌ನಲ್ಲಿ ಅಡ್ಮಿರಲ್ ಎಡ್ವರ್ಡ್ ಹ್ಯೂಸ್ ಮಂಗಳೂರಿನಲ್ಲಿ ಹೈದರಾಲಿಯ ನೌಕಾಪಡೆಯನ್ನು ನಾಶ ಮಾಡಿದ. ಆ ಹಡಗುಗಳಲ್ಲೂ ತಿಂಗಳಿಗೊಮ್ಮೆ 29ನೆಯ ಕಲಮಿನ ಓದು ನಡೆಯಬೇಕಿತ್ತು. ಆಮೇಲೆ ಸಾಮ್ರಾಜ್ಯ ಗಟ್ಟಿಯಾಯಿತು. ಮೆಕಾಲೆ ನೇತೃತ್ವದ ಆಯೋಗ ಕರಡು ಮಾಡಿದ ಭಾರತೀಯ ದಂಡ ಸಂಹಿತೆ 1860ರಲ್ಲಿ ಅಂಗೀಕಾರವಾಗಿ 1862ರಲ್ಲಿ ಜಾರಿಗೆ ಬಂತು. ಅದರ 377ನೆಯ ಕಲಮು ನೇಣನ್ನು ಬಿಟ್ಟು ಜೀವಾವಧಿಯವರೆಗಿನ ಶಿಕ್ಷೆಯನ್ನು ಇಟ್ಟುಕೊಂಡಿತು. ಅಸಹಜ ಎಂಬ ಭಾವನೆಯನ್ನು ಹಾಗೇ ಉಳಿಸಿಕೊಂಡಿತು. ‘ಇದೆಲ್ಲ ನಮ್ಮ ಸಂಸ್ಕೃತಿಯಲ್ಲ, ಇಲ್ಲಿಗೆ ಬಂದ ಮೇಲೆ ಅಂಟಿದ್ದು’ ಎಂದು ಮನೆಯಲ್ಲಿ ಯಾರಾದರೂ ಹೇಳಿದರೆ, ಜಗಳಕ್ಕೆ ಹೋಗಬೇಡಿ. ಸಮಾಧಾನವಾಗಿ ಈ ತಾರೀಖುಗಳನ್ನು ಹೇಳಿ. ನಮ್ಮ ಹಳೆಯ ಗ್ರಂಥಗಳು ಇದನ್ನು ಹೊಗಳಿವೆ ಅಂತಲ್ಲ. ಮನುಸ್ಮೃತಿ ಇದಕ್ಕೆ ಪ್ರಾಯಶ್ಚಿತ್ತ ಹೇಳುತ್ತದೆ, ಆದರೆ ನೇಣು ಹೇಳುವುದಿಲ್ಲ. ಜೈಲು ಹಡಗಿನಲ್ಲಿ ಬಂದ ಸರಕು.

ಕಾನೂನು ಕರಗಿದ್ದು ಬಹಳ ನಿಧಾನ. ಇಂಗ್ಲೆಂಡಿನಲ್ಲಿ ಮರಣದಂಡನೆ ಹೋದದ್ದು 1861ರಲ್ಲಿ. 1967ರಲ್ಲಿ ವಯಸ್ಕರ ಖಾಸಗಿ ಸಂಬಂಧ ಅಪರಾಧವಲ್ಲ ಎಂದಾಯಿತು, ಆದರೆ ಸೇನೆಯವರಿಗೆ, ವ್ಯಾಪಾರಿ ಹಡಗಿನವರಿಗೆ ಈ ವಿನಾಯಿತಿ ಇಲ್ಲ ಎಂದು ಅದೇ ಕಾಯಿದೆ ಹೇಳಿತು. ನೌಕಾಪಡೆಯಿಂದ ಹೊರಹಾಕಲ್ಪಟ್ಟ ಡಂಕನ್ ಲಸ್ಟಿಗ್-ಪ್ರೀನ್ ಮತ್ತು ಜಾನ್ ಬೆಕೆಟ್ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದವರೆಗೆ ಹೋಗಿ 1999ರಲ್ಲಿ ಗೆದ್ದರು. 2000ದ ಜನವರಿ 12ರಂದು ನಿಷೇಧ ಹೋಯಿತು. ಹಾಯಿ ಹಡಗುಗಳ ಕಥೆಗಾರ ಓಬ್ರಿಯನ್ ತೀರಿಕೊಂಡು ಆಗ ಹತ್ತು ದಿನವಾಗಿತ್ತು. ಹಾಗೆ ಹೊರಹಾಕಲ್ಪಟ್ಟ ಸೈನಿಕರಿಗೆ 2023ರ ಜುಲೈ 19ರಂದು ಸಂಸತ್ತಿನಲ್ಲಿ ಕ್ಷಮೆ ಕೇಳಿದ ಅಂದಿನ ಪ್ರಧಾನಿ ರಿಷಿ ಸುನಕ್, ನಮ್ಮ ಬೆಂಗಳೂರಿನ ಅಳಿಯ. ಭಾರತದಲ್ಲಿ ದೆಹಲಿ ಹೈಕೋರ್ಟು 2009ರಲ್ಲಿ ಬಾಗಿಲು ತೆರೆಯಿತು, 2013ರಲ್ಲಿ ಸುಪ್ರೀಂ ಕೋರ್ಟು ಮತ್ತೆ ಮುಚ್ಚಿತು, 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟೇ ತೆರೆಯಿತು.

ಬಾಗಿಲು ಮುಚ್ಚಿದ ಆ 2013ರಲ್ಲೇ ಕನ್ನಡದಲ್ಲಿ ವಸುಧೇಂದ್ರ ಅವರ ‘ಮೋಹನಸ್ವಾಮಿ’ ಬಂತು. ಗಂಡಸನ್ನು ಪ್ರೀತಿಸುವ ಒಬ್ಬ ಕನ್ನಡದ ಹುಡುಗನ ಕಥೆಗಳು. ಹಡಗಿಲ್ಲ, ಕತ್ತಿಯಿಲ್ಲ, ಬೆಂಗಳೂರಿನ ಫ್ಲ್ಯಾಟು, ಅಡುಗೆಮನೆ, ಬೈಕು. ಆದರೆ ಹೇಳಿಕೊಳ್ಳಲಾಗದ ಆ ಮೊಳ ದೂರ ಇಲ್ಲಿಯೂ ಇದೆ. ಕನ್ನಡ ಓದಲು ಬರುವವರು ಕನ್ನಡದಲ್ಲೇ ಓದಿ. ಬಾರದವರಿಗೆ ಇಂಗ್ಲಿಷ್ ಅನುವಾದವೂ ಇದೆ.

ನಾನು ಸ್ವಯಂಸೇವಕಿಯಾಗಿ ಪಾಠ ಮಾಡುವ ವಾರಾಂತ್ಯದ ಕನ್ನಡ ತರಗತಿಯಲ್ಲಿ ಒಮ್ಮೆ ಒಬ್ಬ ಹುಡುಗಿ, ‘ಆಂಟಿ, ಇದಕ್ಕೆ ಕನ್ನಡದಲ್ಲಿ ಏನಂತಾರೆ?’ ಎಂದು ಕೇಳಿದಳು. ಪತ್ರಿಕೆಗಳಲ್ಲಿ ಹೆಚ್ಚಾಗಿ ಕಾಣುವ ಪದ ‘ಸಲಿಂಗಕಾಮ’. ಇನ್ನೊಂದು ಪದವೂ ಇದೆ, ‘ಸಲಿಂಗಪ್ರೇಮ’. ಕಾಮ ಕೆಟ್ಟ ಪದವಲ್ಲ, ನಮ್ಮವರು ಅದನ್ನು ಪುರುಷಾರ್ಥಗಳಲ್ಲಿ ಒಂದಾಗಿ ಎಣಿಸಿದ್ದಾರೆ. ಆದರೆ ಗಂಡು ಹೆಣ್ಣಿನ ಕಥೆಯನ್ನು ನಾವು ಪ್ರೇಮಕಥೆ ಎನ್ನುತ್ತೇವೆಯೇ ಹೊರತು ಕಾಮಕಥೆ ಎನ್ನುವುದಿಲ್ಲವಲ್ಲ? ಇವರಿಗೆ ಮಾತ್ರ ಯಾಕೆ ಆ ಪದ? ಪೋರ್ಟ್ಸ್‌ಮತ್‌ನ ಕೋರ್ಟು ಕೈ ಎಲ್ಲಿತ್ತು ಎಂದಷ್ಟೇ ಕೇಳಿತು. ಮೊದಲ ಪದವನ್ನೇ ಹಿಡಿದುಕೊಂಡರೆ ನಾವೂ ಅಷ್ಟನ್ನೇ ಕೇಳಿದಂತೆ. ಅವಳಿಗೆ ನಾನು ಎರಡನೆಯ ಪದವನ್ನು ಬೋರ್ಡಿನ ಮೇಲೆ ಬರೆದು ತೋರಿಸಿದೆ. ಎಲ್ಲರೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು.

ನಿಮ್ಮಲ್ಲಿ ಯಾರಿಗಾದರೂ ಇದು ಕಾದಂಬರಿಯ ವಿಷಯವಲ್ಲ, ನಿಮ್ಮದೇ ವಿಷಯವಾಗಿದ್ದರೆ, ಅಮ್ಮನಿಗೋ ಅಜ್ಜಿಗೋ ಕನ್ನಡದಲ್ಲಿ ಹೇಳುವ ದಿನ ಬಂದಾಗ ಆ ಪದ ನಿಮ್ಮ ಬಳಿ ಇರಲಿ. ಯಾವಾಗ ಹೇಳಬೇಕು, ಯಾರಿಗೆ ಮೊದಲು ಹೇಳಬೇಕು ಎಂಬುದು ನಿಮ್ಮ ನಿರ್ಧಾರ, ಅವಸರವಿಲ್ಲ. ಈ ಮಾತನ್ನು ಓದುತ್ತಿರುವ ಅಪ್ಪ ಅಮ್ಮಂದಿರೇ, ಆ ದಿನ ಮೊದಲು ಕೇಳಿಸಿಕೊಳ್ಳಿ. ಪ್ರಶ್ನೆಗಳು ಆಮೇಲೆ ಇರಲಿ.

ನಿಮಗೆ ಇಷ್ಟವಾದ ಸಮುದ್ರದ ಕಥೆ ಯಾವುದು, ಅದರಲ್ಲಿ ಕಾನೂನಿನ ಹೆದರಿಕೆ ಎಷ್ಟು ನಿಜವಾಗಿ ಬಂದಿದೆ ಎಂದು ನಮ್ಮ ರೇಡಿಯೋಗೆ ಬರೆದು ತಿಳಿಸಿ. ಕನ್ನಡದಲ್ಲೇ ಬರೆಯಿರಿ, ಕಾಗುಣಿತ ತಪ್ಪಿದರೂ ಪರವಾಗಿಲ್ಲ.